ಸಹಿ ಹಾಕಿದ್ದು 24 ಪೌಂಡಿಗೆ, ಕಟ್ಟಬೇಕಾದದ್ದು 27: ಬ್ರಿಟನ್ನಿನ ಬ್ರಾಡ್‌ಬ್ಯಾಂಡ್ ಕರಾರಿನ ಒಳಲೆಕ್ಕ

ಮಾರ್ಚ್ ಎರಡನೇ ವಾರದ ಒಂದು ಸಂಜೆ ಪಕ್ಕದ ಬೀದಿಯ ಹುಡುಗಿ ಮನೆಗೆ ಬಂದಳು. ಹುಬ್ಬಳ್ಳಿಯವಳು. ಗಂಡನಿಗೆ ಸ್ಲೌನಲ್ಲಿ ಕೆಲಸ ಸಿಕ್ಕಿ ಹೋದ ವರ್ಷವಷ್ಟೇ ಇಂಗ್ಲೆಂಡಿಗೆ ಬಂದವರು. ಚಹಾ ಕುಡಿಯುವ ಮೊದಲೇ ಫೋನ್ ಮುಂದೆ ಹಿಡಿದು ಬ್ರಾಡ್‌ಬ್ಯಾಂಡ್ ಕಂಪನಿಯ ಇಮೇಲ್ ತೋರಿಸಿದಳು. "ಅಕ್ಕಾ, ತಿಂಗಳಿಗೆ 24 ಪೌಂಡ್ ಅಂತ ಹೇಳಿದ್ರು, ಅದಕ್ಕ ತಗೊಂಡ್ವಿ. ಈಗ ಏಪ್ರಿಲ್‌ನಿಂದ 27 ಅಂತಾರ. ಎರಡು ವರ್ಷದ ಕರಾರು ಐತಲ್ರಿ? ನಾವು ನಡುವ ಬಿಡಂಗಿಲ್ಲ ಅಂದಮ್ಯಾಲ ಅವರೂ ನಡುವ ರೇಟ್ ಏರಿಸಬಾರದಲ್ರಿ?"

ಎಷ್ಟೋ ಜನ ಈ ದೇಶಕ್ಕೆ ಬಂದ ಮೊದಲ ವರ್ಷ ಕೇಳುವ ಪ್ರಶ್ನೆ ಇದು. ಅದರಲ್ಲಿ ನ್ಯಾಯವಿದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ 11 ತಿಂಗಳ ಅಗ್ರಿಮೆಂಟ್ ಮಾಡಿಕೊಂಡರೆ ಆ 11 ತಿಂಗಳು ಬಾಡಿಗೆ ಅಷ್ಟೇ ಇರುತ್ತದೆ. ಏರಿಸುವ ಮಾತು ಬರುವುದು ಅಗ್ರಿಮೆಂಟ್ ಹೊಸದು ಮಾಡುವಾಗ. ಕರಾರು ಅಂದರೆ ಎರಡೂ ಕಡೆಗೆ ಕಟ್ಟು ಎಂಬ ತಿಳಿವಳಿಕೆ ನಮಗೆ ಅಲ್ಲಿಂದಲೇ ಬಂದಿದೆ. ಬ್ರಿಟನ್ನಿನ ಫೋನ್ ಮತ್ತು ಬ್ರಾಡ್‌ಬ್ಯಾಂಡ್ ಕರಾರುಗಳಲ್ಲಿ ಮಾತ್ರ ಗಿರಾಕಿ ಕಟ್ಟುಬಿದ್ದಿರುತ್ತಾನೆ, ಬೆಲೆ ಕಟ್ಟುಬಿದ್ದಿರುವುದಿಲ್ಲ. ಇದು ಹೀಗಾದದ್ದು ಹೇಗೆ ಎಂದು ತಿಳಿಯದೆ ಅದನ್ನು ಎದುರಿಸುವ ದಾರಿಯೂ ಕಾಣುವುದಿಲ್ಲ.

ಇಲ್ಲಿ ದೂರಸಂಪರ್ಕದ ನಿಯಂತ್ರಣ ಸಂಸ್ಥೆ ಆಫ್‌ಕಾಮ್. ಕರಾರಿನಲ್ಲಿ ಹೇಳದೆ ಇದ್ದಕ್ಕಿದ್ದಂತೆ ಬೆಲೆ ಏರಿಸಿದರೆ ಗಿರಾಕಿ ದಂಡ ಕಟ್ಟದೆ ಹೊರಬರಬಹುದು ಎಂದು ಅದು 2014ರ ಜನವರಿಯಲ್ಲಿ ಸ್ಪಷ್ಟ ಮಾಡಿತು. ಒಳ್ಳೆಯ ಉದ್ದೇಶದ ಮಾತು. ಆದರೆ ಅದರಲ್ಲೇ ಒಂದು ಕಿಂಡಿ ಉಳಿಯಿತು: ಏರಿಕೆಯನ್ನು ಕರಾರಿನಲ್ಲಿ ಮೊದಲೇ ಬರೆದಿಟ್ಟರೆ ಅದು 'ಇದ್ದಕ್ಕಿದ್ದಂತೆ' ಆಗುವುದಿಲ್ಲ. ಕಂಪನಿಗಳು ಬರೆದಿಡತೊಡಗಿದವು. ಪ್ರತಿ ವರ್ಷ ಮಾರ್ಚ್ ಕೊನೆಗೋ ಏಪ್ರಿಲ್‌ಗೋ ಹಣದುಬ್ಬರದಷ್ಟು ಬೆಲೆ ಏರುತ್ತದೆ ಎಂಬ ಒಂದು ಸಾಲು ಕರಾರಿನೊಳಗೆ ಬಂದು ಕೂತಿತು. 2020ರ ಸುಮಾರಿಗೆ ಆ ಸಾಲಿಗೆ ಬಾಲವೂ ಬೆಳೆಯಿತು. ಹಣದುಬ್ಬರ, ಅದರ ಮೇಲೆ ಶೇ 3.9.

ಹಣದುಬ್ಬರ ಶೇ ಒಂದೋ ಎರಡೋ ಇದ್ದ ಕಾಲದಲ್ಲಿ ಯಾರೂ ಇದನ್ನು ಅಷ್ಟಾಗಿ ಗಮನಿಸಲಿಲ್ಲ. ಉಕ್ರೇನ್ ಯುದ್ಧ ಶುರುವಾಗಿ ಗ್ಯಾಸು, ಕರೆಂಟು, ಹಾಲು, ಬ್ರೆಡ್ಡು ಎಲ್ಲವೂ ಏರಿದ ಮೇಲೆ ಈ ಸಾಲಿನ ಬಿಸಿ ಮುಟ್ಟಿತು. 2022ರ ಡಿಸೆಂಬರ್‌ನಲ್ಲಿ ಸಿಪಿಐ, ಅಂದರೆ ಗ್ರಾಹಕ ಬೆಲೆ ಸೂಚ್ಯಂಕದ, ಲೆಕ್ಕದ ಹಣದುಬ್ಬರ ಶೇ 10.5. ಅದಕ್ಕೆ 3.9 ಕೂಡಿಸಿ 2023ರ ವಸಂತದಲ್ಲಿ ಬಿಟಿ, ಇಇ, ವೋಡಾಫೋನ್ ಮುಂತಾದ ಕಂಪನಿಗಳ ಎಷ್ಟೋ ಗಿರಾಕಿಗಳ ಬಿಲ್ಲು ಒಮ್ಮೆಲೇ ಶೇ 14.4 ಏರಿತು. ಓ2 ಎಂಬ ಮೊಬೈಲ್ ಕಂಪನಿ ಆರ್‌ಪಿಐ ಎಂಬ ಹಳೆಯ ಬೆಲೆ ಸೂಚ್ಯಂಕ ಬಳಸುತ್ತಿತ್ತು. ಅಲ್ಲಿ ಮಾತು ಮತ್ತು ಡೇಟಾದ ಭಾಗಕ್ಕೆ ಏರಿಕೆ ಶೇ 17.3. ಈ ಆರ್‌ಪಿಐಗೆ ಅಧಿಕೃತ ರಾಷ್ಟ್ರೀಯ ಅಂಕಿಅಂಶದ ಮಾನ್ಯತೆ 2013ರಲ್ಲೇ ಹೋಗಿತ್ತು. ಅದು ಸಾಮಾನ್ಯವಾಗಿ ಸಿಪಿಐಗಿಂತ ಹೆಚ್ಚೇ ತೋರಿಸುತ್ತದೆ.

ಕಂಪನಿಗಳ ವಾದವನ್ನೂ ಕೇಳಬೇಕು. ಊರೂರಿಗೆ ಫೈಬರ್ ಎಳೆಯುವ ಖರ್ಚಿದೆ, ಜನ ಬಳಸುವ ಡೇಟಾ ವರ್ಷವರ್ಷ ಹೆಚ್ಚುತ್ತಿದೆ, ಸಂಬಳ ಮತ್ತು ಕರೆಂಟಿನ ವೆಚ್ಚ ಏರಿದೆ. ಬಹುಪಾಲು ಬ್ರಾಡ್‌ಬ್ಯಾಂಡ್ ಕಂಪನಿಗಳು ಬಳಸುವುದು ಓಪನ್‌ರೀಚ್ ಎಂಬ ತಂತಿಜಾಲದ ಕಂಪನಿಯ ತಂತಿಯನ್ನು. ಅದಕ್ಕೆ ಅವು ಕಟ್ಟುವ ಸಗಟು ದರದ ಒಂದು ಭಾಗವೂ ಹಣದುಬ್ಬರದ ಜೊತೆಗೇ ಏರುತ್ತದೆ. ಇದನ್ನೆಲ್ಲ ಒಪ್ಪೋಣ. ಆದರೆ ಹಣದುಬ್ಬರಕ್ಕೆ ಹಣದುಬ್ಬರವನ್ನು ವಸೂಲಿ ಮಾಡಿದ ಮೇಲೆ ಅದರ ಮೇಲಿನ 3.9 ಏಕೆ? ಬಿಲ್ಲು ಕಟ್ಟುವ ಮನೆಯವರ ಸಂಬಳ ಹಣದುಬ್ಬರಕ್ಕಿಂತ ಶೇ 3.9 ಹೆಚ್ಚು ಏರಿತ್ತೇ? ಇದಕ್ಕೆ ನನಗೆ ಒಪ್ಪಿಗೆಯಾಗುವ ಉತ್ತರ ಇಲ್ಲಿಯವರೆಗೆ ಸಿಕ್ಕಿಲ್ಲ.

ಆ ವರ್ಷದ ಕೂಗು ಆಫ್‌ಕಾಮ್‌ಗೆ ಮುಟ್ಟಿತು. ವಿಚಾರಿಸಿದಾಗ ಅರ್ಧಕ್ಕಿಂತ ಹೆಚ್ಚು ಗಿರಾಕಿಗಳಿಗೆ ಸಿಪಿಐ, ಆರ್‌ಪಿಐ ಅಂದರೆ ಏನನ್ನು ಅಳೆಯುತ್ತವೆ ಎಂದೇ ಗೊತ್ತಿರಲಿಲ್ಲ. ಗೊತ್ತಿದ್ದವರಿಗೂ ಮುಂದಿನ ವರ್ಷದ ಹಣದುಬ್ಬರ ಎಷ್ಟಿದ್ದೀತು ಎಂದು ಹೇಳಲು ಸಾಧ್ಯವಿರಲಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡಿನ ಅಂದಾಜೇ ತಪ್ಪುವಾಗ ಗಿರಾಕಿ ಹೇಗೆ ಹೇಳಿಯಾನು? 2024ರ ಜುಲೈಯಲ್ಲಿ ತೀರ್ಮಾನ ಬಂತು. 2025ರ ಜನವರಿ 17ರಿಂದ ಮಾಡಿಕೊಳ್ಳುವ ಹೊಸ ಕರಾರುಗಳಲ್ಲಿ ಹಣದುಬ್ಬರಕ್ಕೆ ಗಂಟು ಹಾಕಿದ ಏರಿಕೆ ಇರಕೂಡದು, ಶೇಕಡಾವಾರು ಏರಿಕೆಯೂ ಇರಕೂಡದು. ಏರಿಸುವುದಾದರೆ ಎಷ್ಟು ಪೌಂಡು, ಎಷ್ಟು ಪೆನ್ನಿ, ಯಾವ ತಿಂಗಳಿಂದ ಎಂದು ಮಾರುವ ಹೊತ್ತಿಗೇ ಎದ್ದು ಕಾಣುವಂತೆ ಹೇಳಬೇಕು. ಅದಕ್ಕೂ ಹಿಂದಿನ ಕರಾರುಗಳು ಮುಗಿಯುವವರೆಗೆ ಹಳೆಯ ಲೆಕ್ಕದಲ್ಲೇ ನಡೆಯುತ್ತವೆ.

ನಡುವೆ ಬೆಲೆ ಏರಿಸುವುದೇ ನಿಂತಿತು ಎಂದು ಅನೇಕರು ಆಗ ತಿಳಿದುಕೊಂಡರು. ನಿಂತಿಲ್ಲ. ಅದರ ರೂಪ ಬದಲಾಗಿದೆ ಅಷ್ಟೇ. ಕಡಿಮೆ ಬಿಲ್ಲಿನವರಿಗೆ ಹೊಸ ರೂಪ ಹಳೆಯದಕ್ಕಿಂತ ಭಾರ.

ಲೆಕ್ಕ ಹಾಕಿ ನೋಡೋಣ. 2025ರ ಏಪ್ರಿಲ್‌ನಲ್ಲಿ ಹಳೆಯ ಕರಾರಿನವರೂ ಹೊಸ ಕರಾರಿನವರೂ ಅಕ್ಕಪಕ್ಕದ ಮನೆಗಳಲ್ಲೇ ಇದ್ದರು. ಹಳಬರಿಗೆ 2024ರ ಡಿಸೆಂಬರ್‌ನ ಸಿಪಿಐ ಶೇ 2.5, ಅದರ ಮೇಲೆ 3.9, ಒಟ್ಟು ಶೇ 6.4 ಏರಿಕೆ. ಹೊಸಬರಿಗೆ ಹಲವು ದೊಡ್ಡ ಕಂಪನಿಗಳು ಬ್ರಾಡ್‌ಬ್ಯಾಂಡಿಗೆ ಇಟ್ಟ ಮೊತ್ತ ತಿಂಗಳಿಗೆ 3 ಪೌಂಡ್. ನಮ್ಮ ಹುಬ್ಬಳ್ಳಿ ಹುಡುಗಿಯಂತೆ 24 ಪೌಂಡ್ ಕಟ್ಟುವ ಮನೆಗೆ ಹಳೆಯ ಲೆಕ್ಕದಲ್ಲಿ ಏರುತ್ತಿದ್ದದ್ದು 1 ಪೌಂಡ್ 54 ಪೆನ್ನಿ. ಹೊಸ ಲೆಕ್ಕದಲ್ಲಿ 3 ಪೌಂಡ್, ಅಂದರೆ ಶೇ 12.5. ಹೆಚ್ಚುಕಡಿಮೆ ದುಪ್ಪಟ್ಟು. ಎರಡೂ ಸಮವಾಗಬೇಕಾದರೆ ಬಿಲ್ಲು 47 ಪೌಂಡಿನ ಹತ್ತಿರ ಇರಬೇಕು. ಅದಕ್ಕಿಂತ ಕೆಳಗಿನ ಪ್ರತಿಯೊಬ್ಬರಿಗೂ ಆ ವರ್ಷ ಹಳೆಯ, ಅರ್ಥವಾಗದ ಲೆಕ್ಕವೇ ಅಗ್ಗವಾಗಿತ್ತು. 60 ಪೌಂಡಿನ ಅತಿವೇಗದ ಫೈಬರ್ ಹಾಕಿಸಿಕೊಂಡವರಿಗೆ 3 ಪೌಂಡ್ ಅಂದರೆ ಶೇ 5 ಮಾತ್ರ. ದೊಡ್ಡ ಮನೆಗೂ ಸಣ್ಣ ಮನೆಗೂ ಒಂದೇ ಮೊತ್ತ ಇಟ್ಟರೆ ಹೊರೆ ಬೀಳುವುದು ಸಣ್ಣ ಮನೆಯ ಮೇಲೆ.

ಮೊಬೈಲಿನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಬಿಟಿ ಮತ್ತು ಇಇ 2024ರಲ್ಲಿ ಮೊಬೈಲಿಗೆ ಇಟ್ಟ ಏರಿಕೆ ಒಂದೂವರೆ ಪೌಂಡ್. ತಿಂಗಳಿಗೆ 10 ಪೌಂಡಿನ ಸಿಮ್‌ಗೆ ಅದು ಶೇ 15. 2025ರಲ್ಲಿ ಈ ಮೊತ್ತವೇ ಹೊಸ ಗಿರಾಕಿಗಳಿಗೆ ಎರಡೂವರೆ ಪೌಂಡ್ ಆಯಿತು, ಬ್ರಾಡ್‌ಬ್ಯಾಂಡಿನ 3 ಪೌಂಡ್ 4 ಆಯಿತು. 10 ಪೌಂಡಿನ ಸಿಮ್ ಎರಡು ಏಪ್ರಿಲ್ ದಾಟುವಷ್ಟರಲ್ಲಿ 15 ಪೌಂಡ್.

ಹೊಸ ನಿಯಮದಿಂದ ಏನೂ ಆಗಲಿಲ್ಲ ಎಂದು ನಾನು ಹೇಳುತ್ತಿಲ್ಲ. 2023ರಂಥ ವರ್ಷ ಮತ್ತೆ ಬಂದರೆ 24 ಪೌಂಡಿನ ಬಿಲ್ಲು ಶೇ 14.4ರಂತೆ ಏರದೆ 3 ಪೌಂಡಿಗೇ ನಿಲ್ಲುತ್ತದೆ. ಹಣದುಬ್ಬರದ ಅಪಾಯ ಗಿರಾಕಿಯ ತಲೆಯಿಂದ ಕಂಪನಿಯ ತಲೆಗೆ ಹೋಗಿದೆ. ಆದರೆ ಆ ಅಪಾಯ ಹೊರುವುದಕ್ಕೆ ಕಂಪನಿ ಮುಂಗಡವಾಗಿ ಕೂಲಿ ತೆಗೆದುಕೊಳ್ಳುತ್ತಿದೆ. ನಿಯಮ ಕೊಟ್ಟದ್ದು ಸ್ಪಷ್ಟತೆ. ಎಷ್ಟು ಏರಿಸಬಹುದು ಎಂಬುದಕ್ಕೆ ಅದು ಮಿತಿ ಹಾಕಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಆ ಸ್ಪಷ್ಟತೆಯೂ ಎಷ್ಟು ಗಟ್ಟಿ ಎಂಬುದು 2025ರ ಅಕ್ಟೋಬರ್‌ನಲ್ಲಿ ಗೊತ್ತಾಯಿತು. ಏಪ್ರಿಲ್‌ಗೆ ತಿಂಗಳಿಗೆ 1.80 ಪೌಂಡ್ ಏರುತ್ತದೆ ಎಂಬ ಮಾತಿನ ಮೇಲೆ ಕರಾರು ಮಾಡಿಕೊಂಡಿದ್ದ ಓ2 ಗಿರಾಕಿಗಳಿಗೆ, 2026ರ ಏಪ್ರಿಲ್‌ನಲ್ಲಿ ಏರುವುದು 2.50 ಪೌಂಡ್ ಎಂಬ ಸಂದೇಶ ಬಂತು. ಬೇಡವಾದವರು 30 ದಿನದೊಳಗೆ ದಂಡವಿಲ್ಲದೆ ಬಿಡಬಹುದು ಎಂದು ಕಂಪನಿ ಹೇಳಿತು. ಹಾಗಾಗಿ ನಿಯಮದ ಅಕ್ಷರಕ್ಕೆ ಭಂಗ ಬರಲಿಲ್ಲ. ಆಫ್‌ಕಾಮ್ ಬಹಿರಂಗವಾಗಿ ಬೇಸರ ವ್ಯಕ್ತಪಡಿಸಿತು, ಇದು ನಿಯಮದ ಆಶಯಕ್ಕೆ ವಿರುದ್ಧ ಎಂದಿತು. ದೂರಸಂಪರ್ಕದ ಹೊಣೆ ಹೊತ್ತಿದ್ದ ಸಚಿವೆ ಲಿಜ್ ಕೆಂಡಲ್ ಕೂಡ ಆಫ್‌ಕಾಮ್‌ಗೆ ಪತ್ರ ಬರೆದರು. ತಿಂಗಳಿಗೆ 70 ಪೆನ್ನಿ ಎಂದರೆ ಸಣ್ಣದಾಗಿ ಕಾಣಬಹುದು. ಆದರೆ ಪೌಂಡು ಪೆನ್ನಿಯಲ್ಲಿ ಬರೆದುಕೊಟ್ಟ ಮಾತನ್ನೂ ಒಂದು ನೋಟಿಸ್ ಕಳಿಸಿ ಬದಲಿಸಬಹುದು ಎಂದು ತೋರಿಸಿಕೊಟ್ಟದ್ದು ಸಣ್ಣ ಸಂಗತಿಯಲ್ಲ. ಹ್ಯಾಂಡ್‌ಸೆಟ್ಟನ್ನು ಕಂತಿನ ಮೇಲೆ ತೆಗೆದುಕೊಂಡವರಿಗೆ ಇನ್ನೊಂದು ತೊಡಕು. ಸಿಮ್ ಬಿಟ್ಟು ಹೋದರೂ ಫೋನಿನ ಬಾಕಿ ಕಂತು ಅವರ ಹೆಗಲ ಮೇಲೇ ಇರುತ್ತದೆ.

ಇದರಿಂದ ನಮಗೆ ತಿಳಿಯಬೇಕಾದದ್ದು ಒಂದು: ಏಪ್ರಿಲ್ ಏರಿಕೆಯ ಪತ್ರ ಬಂದಾಗ ಅದರಲ್ಲಿರುವ ಮೊತ್ತವನ್ನು ಕರಾರಿನಲ್ಲಿರುವ ಮೊತ್ತದ ಪಕ್ಕ ಇಟ್ಟು ನೋಡಬೇಕು. ಎರಡೂ ಒಂದೇ ಆದರೆ ಪುಕ್ಕಟೆಯಾಗಿ ಬಿಡುವ ಹಕ್ಕಿಲ್ಲ. ಒಂದು ಪೆನ್ನಿ ಹೆಚ್ಚಿದ್ದರೂ, ಅಥವಾ ನಿಮಗೆ ಅನುಕೂಲವಲ್ಲದ ಬೇರೆ ಬದಲಾವಣೆ ಮಾಡಿದ್ದರೂ, ಒಂದು ತಿಂಗಳ ಮುಂಚಿತ ನೋಟಿಸು ಮತ್ತು ದಂಡವಿಲ್ಲದೆ ಹೊರಡುವ ಹಕ್ಕು ನಿಮ್ಮದು. ಆ ಪತ್ರದ ತಾರೀಕಿನಿಂದ 30 ದಿನ ಎಣಿಸಲು ಶುರುಮಾಡಿ. ಅಷ್ಟರಲ್ಲಿ ಹೇಳದಿದ್ದರೆ ಒಪ್ಪಿದಂತೆಯೇ.

ನಾನೂ ಆ ಹುಡುಗಿಯೂ ಊಟದ ಮೇಜಿನ ಮೇಲೆ ಕರಾರಿನ ಪಿಡಿಎಫ್ ತೆರೆದು ಕೂತೆವು. ನಾಲ್ಕನೇ ಪುಟದಲ್ಲಿತ್ತು: ಪ್ರತಿ ಏಪ್ರಿಲ್, 3 ಪೌಂಡ್. ಪತ್ರದಲ್ಲೂ ಅದೇ. "ಇದನ್ನ ಯಾರೂ ಹೇಳಲಿಲ್ರಿ ಅಕ್ಕಾ," ಅಂದಳು. ಹೇಳಿರಬಹುದು, ಕೆಲಸ ಹುಡುಕಿ ಮನೆ ಹುಡುಕಿ ದಣಿದ ವಾರದಲ್ಲಿ ಕಿವಿಗೆ ಬಿದ್ದಿರಲಿಕ್ಕಿಲ್ಲ. ನಾನು ಒಂದು ಹಳೆಯ ಲಕೋಟೆಯ ಹಿಂದೆ ಲೆಕ್ಕ ಬರೆದೆ. ಅವರು ಸೇರಿದ್ದು ಹೋದ ಮೇ ತಿಂಗಳಲ್ಲಿ. 11 ತಿಂಗಳು 24ರಂತೆ 264, ಮುಂದಿನ 12 ತಿಂಗಳು 27ರಂತೆ 324, ಕೊನೆಯ ಒಂದು ತಿಂಗಳು 30. ಒಟ್ಟು 618 ಪೌಂಡ್. ಜಾಹೀರಾತಿನ ಬೆಲೆಯನ್ನೇ 24 ತಿಂಗಳಿಗೆ ಗುಣಿಸಿದರೆ 576. ಅಂದರೆ 42 ಪೌಂಡ್ ಹೆಚ್ಚು.

ಅದೇ ಕರಾರಿಗೆ ಅವರು ಫೆಬ್ರವರಿಯಲ್ಲಿ ಸಹಿ ಹಾಕಿದ್ದಿದ್ದರೆ? ಎರಡೇ ತಿಂಗಳಿಗೆ ಏಪ್ರಿಲ್ ಬರುತ್ತಿತ್ತು. ಎರಡು ತಿಂಗಳು 48, ಹನ್ನೆರಡು ತಿಂಗಳು 324, ಉಳಿದ ಹತ್ತು ತಿಂಗಳು 30ರಂತೆ 300. ಒಟ್ಟು 672. ಕಂಪನಿ ಅದೇ, ವೇಗ ಅದೇ, ಬೆಲೆ ಅದೇ. ಸಹಿ ಹಾಕಿದ ತಿಂಗಳೊಂದೇ ಬೇರೆ, 54 ಪೌಂಡ್ ವ್ಯತ್ಯಾಸ. ಇದನ್ನು ಎಲ್ಲಿಯೂ ಯಾರೂ ಎದ್ದು ಕಾಣುವಂತೆ ಬರೆದಿರುವುದಿಲ್ಲ. ಹೊಸದಾಗಿ ಸೇರಿದವರಿಗೆ ಮೊದಲ ಏಪ್ರಿಲ್ ಬಿಟ್ಟುಕೊಡುವ ಕಂಪನಿಯೇ ಎಂದು ಜನವರಿಯಿಂದ ಮಾರ್ಚ್‌ವರೆಗೆ ಸಹಿ ಹಾಕುವವರು ಕೇಳಲೇಬೇಕು. ಆಗುವುದಾದರೆ ಏಪ್ರಿಲ್ ದಾಟಿಸಿ ಸಹಿ ಹಾಕಬೇಕು. ತಿಂಗಳ ಬೆಲೆ ಎಷ್ಟು ಎಂದು ಕೇಳುವುದನ್ನು ಬಿಟ್ಟು, ಕರಾರು ಮುಗಿಯುವ ಹೊತ್ತಿಗೆ ನನ್ನ ಕೈಯಿಂದ ಒಟ್ಟು ಎಷ್ಟು ಹೋಗಿರುತ್ತದೆ ಎಂದು ಕೇಳಿ ಎರಡು ಕಂಪನಿಗಳನ್ನು ಹೋಲಿಸಿದರೆ, ಎಷ್ಟೋ ಸಲ ಅಗ್ಗ ಅನಿಸಿದ್ದು ದುಬಾರಿಯಾಗಿ ಕಾಣುತ್ತದೆ.

ಕರಾರಿನ ನಡುವೆ ಇರುವವರಿಗೆ ದಾರಿಗಳು ಕಡಿಮೆ, ಆದರೆ ಇಲ್ಲದಿಲ್ಲ. ಸೇರುವಾಗ ಲಿಖಿತವಾಗಿ ಕೊಟ್ಟ ಕನಿಷ್ಠ ವೇಗ ಬರುತ್ತಿಲ್ಲವೇ? ಆ ಬಗ್ಗೆ ಆಫ್‌ಕಾಮ್‌ನ ಸಂಹಿತೆಗೆ ಸಹಿ ಹಾಕಿದ ಕಂಪನಿಯಾದರೆ, ದೂರು ಕೊಟ್ಟು 30 ದಿನದೊಳಗೆ ಸರಿಯಾಗದಿದ್ದರೆ ದಂಡವಿಲ್ಲದೆ ಬಿಡಬಹುದು. ಬೆಲೆ ಏರಿಕೆಗೆ ಬಾಯಿ ಬಡಿದುಕೊಳ್ಳುವ ಎಷ್ಟೋ ಮನೆಗಳಲ್ಲಿ ನಿಜವಾಗಿ ಗೆಲ್ಲಬಹುದಾದ ದೂರು ಇದೇ. ಯೂನಿವರ್ಸಲ್ ಕ್ರೆಡಿಟ್ ಅಥವಾ ಪೆನ್ಶನ್ ಕ್ರೆಡಿಟ್ ಎಂಬ ಸರ್ಕಾರಿ ನೆರವು ಪಡೆಯುವವರಿಗೆ ಹಲವು ಕಂಪನಿಗಳಲ್ಲಿ ಸೋಷಿಯಲ್ ಟ್ಯಾರಿಫ್ ಎಂಬ ಕಡಿಮೆ ದರದ ಯೋಜನೆ ಇದೆ. ಇಲ್ಲೇ ನೆಲೆಸಿ ವಯಸ್ಸಾದ ನಮ್ಮ ಹಿರಿಯರಲ್ಲಿ ಅರ್ಹರು ಇದ್ದಾರೆ, ಕೇಳಲು ಸಂಕೋಚಪಡುತ್ತಾರೆ. ಕೆಲಸದ ವೀಸಾ, ವಿದ್ಯಾರ್ಥಿ ವೀಸಾದ ಮೇಲೆ ಬಂದವರಿಗೆ ಸಾಮಾನ್ಯವಾಗಿ ಸರ್ಕಾರಿ ನೆರವು ಪಡೆಯಲು ಅನುಮತಿಯೇ ಇರುವುದಿಲ್ಲ, ಹಾಗಾಗಿ ಈ ಬಾಗಿಲು ಅವರಿಗಿಲ್ಲ. ದೂರು ಕೊಟ್ಟು ವಾರಗಟ್ಟಲೆ ಕಂಪನಿ ಎಳೆದಾಡಿದರೆ ಇಂಥ ದೂರು ಬಗೆಹರಿಸುವ ಸಂಸ್ಥೆಗಳಾದ ಕಮ್ಯುನಿಕೇಷನ್ಸ್ ಓಂಬುಡ್ಸ್‌ಮನ್ ಅಥವಾ ಸಿಸಾಸ್, ಈ ಎರಡರಲ್ಲಿ ನಿಮ್ಮ ಕಂಪನಿ ಯಾವುದಕ್ಕೆ ಸೇರಿದೆಯೋ ಅಲ್ಲಿಗೆ ಹೋಗಬಹುದು, ಗಿರಾಕಿಗೆ ಖರ್ಚಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಕರಾರು ಮುಗಿದೂ ಅಲ್ಲೇ ಉಳಿದವರ ಸ್ಥಿತಿ. ಏರಿಕೆಗೆ ಅತಿ ಹೆಚ್ಚು ತೆರುವವರು ಅವರೇ, ದಂಡವಿಲ್ಲದೆ ಹೋಗಬಲ್ಲವರೂ ಅವರೇ. ಹಳೆಯ ಗಿರಾಕಿಗೆ ಹೊಸಬನಿಗಿಂತ ಹೆಚ್ಚು ಬೆಲೆ ಹಾಕುವ ಈ ಪದ್ಧತಿಯ ಮೇಲೆ ಜನರಿಗೆ ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆ 2018ರಲ್ಲೇ ದೊಡ್ಡ ದೂರು ಸಲ್ಲಿಸಿತ್ತು. 2020ರಿಂದ ಕರಾರು ಮುಗಿಯುವ 10ರಿಂದ 40 ದಿನ ಮೊದಲು ಕಂಪನಿ ತಿಳಿಸಲೇಬೇಕು. ಆ ಸಂದೇಶವನ್ನು ಜಾಹೀರಾತು ಎಂದು ಅಳಿಸಿಬಿಡುವವರು ಬಹಳ. ಅದು ಬಂದ ದಿನವೇ ಫೋನ್ ಮಾಡಿ ಬಿಡುತ್ತೇನೆ ಎನ್ನಬೇಕು. ಗಿರಾಕಿಗಳನ್ನು ಉಳಿಸಿಕೊಳ್ಳಲೆಂದೇ ಇರುವ ವಿಭಾಗಕ್ಕೆ ಕರೆ ಹೋಗುತ್ತದೆ, ಅಲ್ಲಿ ಬೆಲೆ ಇಳಿಯುತ್ತದೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿಗೆ ಚೌಕಾಸಿ ಮಾಡುವ ನಾವು ಇಲ್ಲಿ ಇಂಗ್ಲಿಷಿನಲ್ಲಿ ಹೇಗೆ ಕೇಳುವುದು ಎಂದು ಸುಮ್ಮನಾಗುತ್ತೇವೆ. ಕೇಳುವುದರಲ್ಲಿ ಅವಮಾನವೇನೂ ಇಲ್ಲ, ಇಲ್ಲಿ ಎಲ್ಲರೂ ಕೇಳುತ್ತಾರೆ. ಇಳಿಸದಿದ್ದರೆ ಹೋಗುವುದೂ ಈಗ ಸುಲಭ. 2024ರ ಸೆಪ್ಟೆಂಬರ್ 12ರಿಂದ ಬ್ರಾಡ್‌ಬ್ಯಾಂಡ್ ಬದಲಿಸಲು ಹೊಸ ಕಂಪನಿಗೆ ಹೇಳಿದರೆ ಸಾಕು, ಹಳೆಯದನ್ನು ಅವರೇ ಬಿಡಿಸುತ್ತಾರೆ. ಮೊಬೈಲಾದರೆ 85075ಕ್ಕೆ ಇಂಗ್ಲಿಷಿನಲ್ಲಿ ಇನ್ಫೋ ಎಂದು ಮೆಸೇಜ್ ಕಳಿಸಿ, ಬಿಡಲು ಎಷ್ಟು ಕಟ್ಟಬೇಕೆಂಬ ಉತ್ತರ ಬರುತ್ತದೆ. 65075ಕ್ಕೆ ಪಿ, ಎ, ಸಿ ಎಂಬ ಮೂರು ಅಕ್ಷರ ಕಳಿಸಿದರೆ ನಂಬರ್ ಉಳಿಸಿಕೊಂಡು ಹೋಗುವ ಕೋಡ್ ಸಿಗುತ್ತದೆ.

ಮೊಬೈಲಿಗೆ ಎರಡು ವರ್ಷದ ಕರಾರು ಯಾಕೆ ಬೇಕು ಎಂಬುದೇ ನನಗೆ ತಿಳಿಯದು. ತಿಂಗಳು ತಿಂಗಳು ಬೇಕಾದಾಗ ಬಿಡಬಹುದಾದ ಸಿಮ್‌ಗಳು ಬೇಕಾದಷ್ಟಿವೆ, ಕೆಲವದರಲ್ಲಿ ಊರಿಗೆ ಮಾತಾಡುವ ನಿಮಿಷಗಳೂ ಸೇರಿರುತ್ತವೆ. ನಮ್ಮೂರಿನ ಪ್ರೀಪೇಯ್ಡ್ ಪದ್ಧತಿಯ ಹಾಗೆಯೇ. ಅಲ್ಲೂ ಬೆಲೆ ಏರದೆ ಇಲ್ಲ. 2024ರ ಜುಲೈ 3ರಂದು ಜಿಯೊ ಮತ್ತು ಏರ್‌ಟೆಲ್, ಮರುದಿನ ವಿಐ ದರ ಏರಿಸಿದವು, ಜಿಯೊದ 239 ರೂಪಾಯಿಯ 28 ದಿನದ ಪ್ಲ್ಯಾನ್ 299 ಆಯಿತು. ಆದರೆ ಕೊಟ್ಟ ದುಡ್ಡಿಗೆ 28 ದಿನ ಪೂರ್ತಿ ಸಿಕ್ಕಿತು, ಅದಾದ ಮೇಲೆ ಬಿಡಲು ಯಾರನ್ನೂ ಕೇಳಬೇಕಿರಲಿಲ್ಲ. ಬಿಎಸ್ಸೆನ್ನೆಲ್‌ಗೆ ನಂಬರ್ ಒಯ್ದವರು ಆ ತಿಂಗಳು ಲಕ್ಷಗಟ್ಟಲೆ. ಅಲ್ಲಿ ಕಟ್ಟು ಇಲ್ಲ, ಹೋಗಲು ಹೆಚ್ಚು ಕಂಪನಿಗಳಿಲ್ಲ. ಇಲ್ಲಿ ಕಂಪನಿಗಳಿವೆ, ಕಟ್ಟು ಬಿಡುವುದಿಲ್ಲ.

ಈ ಕಟ್ಟಿನ ಪೆಟ್ಟು ಬಲವಾಗಿ ಬೀಳುವುದು ವಿದ್ಯಾರ್ಥಿಗಳಿಗೆ. ಒಂದು ವರ್ಷದ ಎಂಎಸ್‌ಸಿಗೆ ಬಂದ ಹುಡುಗರು ನಾಲ್ಕೈದು ಜನ ಸೇರಿ ಮನೆ ಮಾಡುತ್ತಾರೆ, ಒಬ್ಬನ ಹೆಸರಿನಲ್ಲಿ 24 ತಿಂಗಳ ಬ್ರಾಡ್‌ಬ್ಯಾಂಡ್ ಬರುತ್ತದೆ. ವರ್ಷ ಮುಗಿದಾಗ ಎಲ್ಲರೂ ಒಂದೊಂದು ಊರಿಗೆ. ಏರಿದ ಬಿಲ್ಲು, ಬಿಟ್ಟರೆ ಬೀಳುವ ದಂಡ, ಎರಡೂ ಆ ಒಬ್ಬನ ಪಾಲಿಗೆ. ಊರಿಗೆ ಹೊರಟೆ ಎಂದು ಬ್ಯಾಂಕಿನಲ್ಲಿ ಡೈರೆಕ್ಟ್ ಡೆಬಿಟ್ ನಿಲ್ಲಿಸಿ ವಿಮಾನ ಹತ್ತುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಬಾಕಿ ಸಾಲ ವಸೂಲಿಯವರ ಕೈಗೆ ಹೋಗುತ್ತದೆ, ಕ್ರೆಡಿಟ್ ದಾಖಲೆಯಲ್ಲಿ ಆರು ವರ್ಷ ಉಳಿಯುತ್ತದೆ. ನಾಳೆ ಇದೇ ದೇಶದಲ್ಲಿ ಕೆಲಸ ಸಿಕ್ಕಿ ವಾಪಸು ಬಂದರೆ ಮನೆ ಬಾಡಿಗೆಗೂ ಅಡ್ಡ ಬರುತ್ತದೆ. ಬಂದ ಹೊಸದರಲ್ಲೇ ತಿಂಗಳ ಲೆಕ್ಕದ ಅಥವಾ 12 ತಿಂಗಳ ಯೋಜನೆ ಹುಡುಕಿ. ತಿಂಗಳಿಗೆ ಎರಡು ಪೌಂಡ್ ಹೆಚ್ಚಾದರೂ ಒಟ್ಟಿನಲ್ಲಿ ಉಳಿತಾಯವೇ. ಆನ್‌ಲೈನಿನಲ್ಲೋ ಫೋನಿನಲ್ಲೋ ಆಗಲೇ ಸಹಿ ಹಾಕಿಬಿಟ್ಟಿದ್ದರೆ 14 ದಿನದೊಳಗೆ ಕಾರಣ ಹೇಳದೆ ರದ್ದು ಮಾಡಬಹುದು, ಅಲ್ಲಿಯವರೆಗೆ ಬಳಸಿದ್ದಕ್ಕೆ ಮಾತ್ರ ಕಟ್ಟಬೇಕು. ಅಂಗಡಿಗೇ ಹೋಗಿ ತೆಗೆದುಕೊಂಡರೆ ಈ ಹಕ್ಕು ಇಲ್ಲ ಎಂಬುದು ನೆನಪಿರಲಿ.

ಹುಬ್ಬಳ್ಳಿ ಹುಡುಗಿಯ ಬ್ರಾಡ್‌ಬ್ಯಾಂಡನ್ನು ಸದ್ಯ ಮುಟ್ಟುವುದು ಬೇಡ ಎಂದುಕೊಂಡೆವು. ಉಳಿದ ತಿಂಗಳುಗಳ ದಂಡ, ಏರಿಕೆಗಿಂತ ಎಷ್ಟೋ ಪಟ್ಟು ಹೆಚ್ಚಾಗುತ್ತಿತ್ತು. ಗಂಡನ ಮೊಬೈಲಿನ ಕರಾರು ಮಾತ್ರ ಮುಗಿದು ಹೋಗಿತ್ತು, ಅದಕ್ಕೆ ಅಲ್ಲೇ ಕೂತು ಮೆಸೇಜ್ ಕಳಿಸಿ ಕೋಡ್ ತರಿಸಿದಳು. ಲಕೋಟೆಯ ಮೇಲಿನ ಲೆಕ್ಕವನ್ನು ಮಡಚಿ ಪರ್ಸಿನಲ್ಲಿಟ್ಟು ಏಳುತ್ತಿದ್ದವಳು ಏನೋ ನೆನಪಾಗಿ ಮತ್ತೆ ಕೂತು, ಲೆಸ್ಟರ್‌ನಲ್ಲಿ ಓದುತ್ತಿರುವ ತಮ್ಮನಿಗೆ ಫೋನ್ ಹಚ್ಚಿದಳು.

"ಹೊಸ ಮನೀಗೆ ಇಂಟರ್‌ನೆಟ್ ತಗೊಂಡೇನಿ ಅಂದಿದ್ದೆಲ್ಲೋ, ಯಾರ ಹೆಸರಿಲೆ ತಗೊಂಡಿ?"

ಅವನದೇ ಹೆಸರು. ಆನ್‌ಲೈನ್. 24 ತಿಂಗಳು.

"ಎಷ್ಟು ದಿನ ಆತು?"

ಆ ಕಡೆಯ ಉತ್ತರ ಕೇಳಿ ನನ್ನ ಕಡೆ ತಿರುಗಿ ಬೆರಳು ತೋರಿಸಿದಳು. ಒಂಬತ್ತು.